ನಾಲ್ಕು ರೂಪಾಯಿಯ ದಾರಿ

ಐದನೆಯ ದಿನ, ಬೆಳಗಿನ ಜಾವ,
ಲೊಟಲಿಯ ತಿರುವಿನಲ್ಲಿ ಚೈನು ಕಳಚಿತು.
ಪುಣೆಯಿಂದ ಹೊರಟ ಹನ್ನೊಂದು ಮಂದಿಯಲ್ಲಿ ನಾನು ಬಾಲ,
ಹಿಂದೆ ಬಿದ್ದವರನ್ನು ಕಾಯುವುದು ನನ್ನ ಕೆಲಸ.
ಬಾಲವೇ ಬಿದ್ದರೆ ಕಾಯುವವರು ಯಾರು?
ಮುಂದೆ ಫ್ರೇನಿ ದಾರೂವಾಲಾಳ ಕೆಂಪು ದೀಪ
ಒಮ್ಮೆ ಕಣ್ಣು ಹೊಡೆದು
ಮರೆಯಾಯಿತು.

ಬೆನ್ನ ಮೇಲೆ, ಹಳದಿ ಬನಿಯನ್ನಿನಲ್ಲಿ, ದೊಡ್ಡದೊಂದು ಕಿವಿ.
ಕೇಳದ ಮಕ್ಕಳಿಗೆ ಕೇಳಿಸುವ ಯಂತ್ರ;
ಕಿಲೋಮೀಟರಿಗೆ ಹತ್ತು ರೂಪಾಯಿಯಂತೆ
ಗುರುತಿನವರು ಬರೆದುಕೊಟ್ಟ ಮಾತು.
ನನ್ನ ಹಾಳೆಗೆ ಸಹಿ ಹಾಕಿದವರು ಮೂವತ್ತೆರಡು ಜನ,
ಬಾಯಲ್ಲಿರಬೇಕಾದ ಹಲ್ಲಿನಷ್ಟು.
ಕ್ಯಾಂಪಿನ ಮಾಳಿಗೆಯೊಂದರಲ್ಲಿ ಹಲ್ಲಿನ ಸೆಟ್ಟು ಕಟ್ಟುವವನು ನಾನು,
ಲೆಕ್ಕ ಹಾಗೇ ಬರುತ್ತದೆ.

ಐದು ದಿನವೂ ಆ ಮಕ್ಕಳನ್ನು ನೆನೆದೆ ಎಂದರೆ ಸುಳ್ಳು.
ಖಂಬಾಟ್ಕಿಯ ಏರಿನಲ್ಲಿ ನೆನೆದದ್ದು ತೊಡೆಯನ್ನು,
ಆಂಬೋಲಿಯ ಇಳಿತದಲ್ಲಿ ಬ್ರೇಕಿನ ರಬ್ಬರನ್ನು,
ಕೊಲ್ಹಾಪುರ ದಾಟಿದ ಮೇಲೆ ಇಡೀ ಒಂದು ಮಧ್ಯಾಹ್ನ
ಕೂರುವ ಜಾಗದ ಬೊಕ್ಕೆಯನ್ನು.
ಪುಣ್ಯಕ್ಕೆ ತೂಕ ಇರುವುದಾದರೆ
ಅದನ್ನು ಹೊತ್ತದ್ದು ಮನಸ್ಸಲ್ಲ,
ಅಂಡು.

ಚೈನಿಗೆ ಬೈದೆ. ಮನೆಮಾತಿನಲ್ಲೇ ಬೈದೆ.
ಪೋಂ ಪೋಂ ಎಂದು ರಬ್ಬರ್ ಹಾರ್ನು ಒತ್ತುತ್ತ ಬಂದವನು
ಕಾಲೂರಿ ನಿಂತ:
"ಕನ್ನಡದವ್ರೇನ್ರೀ?"

ದುಂಡಪ್ಪ. ಮುಧೋಳದ ಕಡೆಯವನು.
ಕ್ಯಾರಿಯರಿನ ಮೇಲೆ ಬಿದಿರ ಬುಟ್ಟಿ, ನೀಲಿ ತಾಡಪತ್ರಿ,
ಒಳಗೆ ಬಿಸಿ ಪೊಯಿ, ಅವನ ಹೆಸರಿನ ಹಾಗೆ ದುಂಡಗೆ,
ಮೈತುಂಬ ತೌಡು ಮೆತ್ತಿಕೊಂಡು.
ನನ್ನ ಸೈಕಲ್ಲಿಗೆ ಇಪ್ಪತ್ತೊಂದು ಗೇರು,
ಅವನದಕ್ಕೆ ಬ್ರೇಕೂ ಚಪ್ಪಲಿಯೇ.
ಗೇರುಮರದ ಕಡ್ಡಿ ಮುರಿದು, ಮುಟ್ಟದೆಯೇ,
ಚೈನನ್ನು ಹಲ್ಲಿಗೆ ಕೂರಿಸಿದ:
"ಪಾವ್ ಹಿಡಿಯೂ ಕೈರಿ ಇದು."

ಎಲ್ಲಿಗೆ, ಯಾಕೆ ಎಂದ. ಹೇಳಿದೆ.
ತಿರುಗಿ ನಿಂತು ಕಿವಿ ತೋರಿಸಿದೆ.
"ಅಲ್ರೀ, ಕೊಡೋ ಮನಸಿದ್ರ ಹಂಗ ಕೊಡಬೌದಲ್ರಿ,
ನೀವ್ಯಾಕ ತುಳೀಬೇಕು?"
ಪುಣೆಯಲ್ಲಿ ಇದಕ್ಕೊಂದು ಉತ್ತರವಿತ್ತು,
ಹಸಿರು ನಿಶಾನೆಗೆ ಮೊದಲು ಮ್ಹಸ್ಕರ್ ಮಾಸ್ತರರು ಚೆನ್ನಾಗಿ ಹೇಳಿದ್ದರು.
ನೆನಪಾಗಲಿಲ್ಲ.
ಅವನೇ ಬಾಯೊಳಗೆ ಏನೋ ಗುಣಿಸಿದ:
ದಿನಕ್ಕೆ ಎರಡು ಫೇರಿ, ಮೂವತ್ತು ಕಿಲೋಮೀಟರು,
ಹದಿಮೂರು ವರ್ಷ...
"ನನಗ ಯಾರ್ರೀ ಬರಕೊಡೋರು?" ಎಂದು ನಕ್ಕ.
ನಗೆಯಲ್ಲಿ ಮುಳ್ಳಿರಲಿಲ್ಲ.
ಮೇಲಿನ ಸಾಲಿನಲ್ಲಿ ಎಡದ ಕೋರೆಯೂ ಇರಲಿಲ್ಲ.

ಆಮೇಲೆ ಕೇಳಿದ:
"ಆ ಶಿಲುಬಿ ತನಕ ಎಷ್ಟಾಕ್ಕೈತಿ?"
ಗದ್ದೆಯಂಚಿಗೆ ಸುಣ್ಣ ಬಳಿದ ಶಿಲುಬೆ,
ನಾನೂರು ಮೀಟರು ಇದ್ದೀತು.
"ಹಂಗಾರ ನಾಲ್ಕು ರೂಪಾಯಿ. ಅಷ್ಟು ನಂದಂತ ಬರಕೋರಿ."
ಸೊಂಟದ ಚೀಲದಿಂದ ಎರಡರ ಎರಡು ನಾಣ್ಯ.
ನಾನು ಕೊಂಡ ಪೊಯಿಗೆ ಮಾತ್ರ
ಪೂರ್ತಿ ದುಡ್ಡು ಎಣಿಸಿಕೊಂಡ.

ಆ ನಾನೂರು ಮೀಟರು ಗೇರು ಬದಲಿಸಲಿಲ್ಲ.
ಬೇರೆಯವರ ಗಾಜಿನ ಸಾಮಾನು ಸಾಗಿಸುವಂತೆ
ಗುಂಡಿ ತಪ್ಪಿಸಿ ತುಳಿದೆ.
ಶಿಲುಬೆಯ ಬುಡದಲ್ಲಿ ಅರ್ಧ ಉರಿದ ಮೇಣದ ಬತ್ತಿ,
ಒಣಗಿದ ಚೆಂಡುಹೂ, ಮಲಗಿದ ನಾಯಿ.
ಇಳಿದೆ. ಯಾಕೋ ಇಳಿದೆ.
ಒಪ್ಪಿಸಿಕೊಳ್ಳಲು ಯಾರೂ ಇರಲಿಲ್ಲ.

ಮಡಗಾಂವಿನಲ್ಲಿ ಹಾರ, ಎಳನೀರು, ಫೋಟೋ.
ಲೆಕ್ಕ ನೋಡುವ ಶರ್ವರಿ ಪೆನ್ನೆತ್ತಿದಳು:
ನಾಲ್ಕು? ಯಾವ ಹೆಸರಿಗೆ?
ದುಂಡಪ್ಪ ಎಂದೆ. ಅಡ್ಡಹೆಸರು ಕೇಳಿದಳು.
ನಾನು ಕೇಳಿರಲಿಲ್ಲ.
'ಇತರೆ' ಎಂಬ ಸಾಲಿಗೆ ಸೇರಿಸಿದಳು.

ಮೊದಲ ಸಲ ಯಂತ್ರ ತೊಡಿಸಿದಾಗ
ಮಕ್ಕಳು ನಗುವುದಿಲ್ಲವಂತೆ,
ಬೆಚ್ಚಿ ಅಳುತ್ತವಂತೆ.

ಮರುದಿನ ನಸುಕಿಗೆ, ಲಾಡ್ಜಿನ ಕಿಟಕಿಯ ಕೆಳಗೆ,
ಪೋಂ ಪೋಂ.
ಅವನಲ್ಲ, ಬೇರೆ ಯಾರೋ.
ಕಾಲೆತ್ತಲಾಗದೆ ಮಲಗಿದಲ್ಲೇ ಕೇಳಿದೆ:
ಒಂದು ಬಾಗಿಲು ತೆರೆಯಿತು,
ಚಿಲ್ಲರೆ ಸದ್ದಾಯಿತು,
ಎಣ್ಣೆ ಕಾಣದ ಚೈನು ಮತ್ತೆ ಹೊರಟಿತು.